ಕಚ್ಚಾ ಮಷೀನು

ನಮ್ಮಲ್ಲಿ ಮಷೀನು ಎರಡು.
ಒಂದು ಪಕ್ಕಾ. ದೂರ ಎಲ್ಲೋ ತಂಪು ಕೋಣ್ಯಾಗ ಇರ್ತದ,
ನಾ ನೋಡಿಲ್ಲ.
ಇನ್ನೊಂದು ಕಚ್ಚಾ. ನನ್ನ ಟೇಬಲ್ ಕೆಳಗ
ಕಾಲಿಗೆ ಬಿಸಿ ಗಾಳಿ ಊದ್ಕೋತ ಕೂತದ.
ಮೊದಲೇ ಯಾದಗಿರಿ, ಅದ್ರಾಗ ಏಪ್ರಿಲ್.
ಅದಕ್ಕೊಂದು ಫ್ಯಾನು, ನನಗ ಅರ್ಧ ಫ್ಯಾನು.

ಕೆಲಸ ಇಷ್ಟೇ: ಮೂರು ಕಡಿಂದ ಬಂದದ್ದು ಒಂದು ಮಾಡೋದು.
ಅಂಗನವಾಡಿ ತೂಕದ ಪುಸ್ತಕ,
ದವಾಖಾನಿ ಸೂಜಿ ಲೆಕ್ಕ,
ರೇಷನ್ ಕಾರ್ಡಿನ ಯಾದಿ.
ಮೂರೂ ಬ್ಯಾರೆ ಬ್ಯಾರೆ ಮಂದಿ
ಬ್ಯಾರೆ ಬ್ಯಾರೆ ಸಿಟ್ಟಿನ್ಯಾಗ ಬರ್ದದ್ದು.
ಒಂದ್ರಾಗ ಯಾದಗಿರಿ, ಒಂದ್ರಾಗ ಯಾದಗೀರ,
ಒಂದ್ರಾಗ ನಮ್ಮೂರು ಇನ್ನೂ
ಗುಲ್ಬರ್ಗಾ ಜಿಲ್ಲಾ ಬಿಟ್ಟು ಬಂದೇ ಇಲ್ಲ.

ಹುಟ್ಟಿದ ತಾರೀಖು ಅಂತೂ ಕೇಳಬ್ಯಾಡ್ರಿ.
"ಮಳಿ ಹತ್ತೋ ಮುಂದ ಹುಟ್ಯದ" ಅಂತಾಳ ತಾಯಿ,
ಟೀಚರ್ ಬರೀತಾಳ: ಜೂನ್ ಒಂದು.
ಅರ್ಧ ಜಿಲ್ಲಾ ಒಂದೇ ದಿನ ಹುಟ್ಯದ.
ಸೂಲಗಿತ್ತೇರಿಗೆ ಅವತ್ತು ನೀರು ಕುಡೀಲಿಕ್ಕೂ ಪುರಸೊತ್ತಿಲ್ಲ.

ನಾ ಒಂದು ನಿಯಮ ಬರದೆ:
ಹೆಸರು ಅದೇ, ತಂದಿ ಅದೇ, ಊರು ಅದೇ, ತಾರೀಖು ಅದೇ
ಅಂದ್ರ ಅದೇ ಕೂಸು. ಕೂಡ್ಸು.
ಕಚ್ಚಾದಾಗ ಓಡಿಸ್ದೆ. ನಲವತ್ತು ನಿಮಿಷ.
ಇಸಾಕ ಹೋಗಿ ಮಿರ್ಚಿ ಭಜಿ ತರೋದ್ರಾಗ
ಹಸಿರು ಗೆರಿ ಕಡೀಮುಟ್ಟ ಹೋಗಿತ್ತು.
ಕೆಂಪು ಒಂದೂ ಇಲ್ಲ.
"ಶುಕ್ರವಾರ ಪಕ್ಕಾಕ್ಕ ಏರಿಸ್ಬಿಡ್ರಿ" ಅಂತ ಮ್ಯಾಲಿಂದ ಫೋನು.
ಶನಿವಾರ ಮಂತ್ರಿಗಳು ಬರೋರು,
ಪರದಿ ಮ್ಯಾಲ ಗೋಲ ಗೋಲ ಚಿತ್ರ ತೋರಿಸ್ಬೇಕು.

ಕೆಂಪಿಲ್ಲದ್ದೇ ನನಗ್ಯಾಕೋ ಹೊಟ್ಟ್ಯಾಗ ಕಲಕ್ತು.
ನಮ್ಮವ್ವ ದಾಲ್ ಮಿಲ್ಲಿನ್ಯಾಗ ತೊಗರಿ ಹಸನ ಮಾಡಾಕಿ.
ಒಂದೂ ಹರಳು ಸಿಗಲಾರದ ಚೀಲ ಬಂತಂದ್ರ
ಮತ್ತ ಬಿಚ್ಚಿ ಸುರುವ್ತಿದ್ಲು.

ನಾನೂ ಸುರುವಿದೆ.
ಗುರುಮಠಕಲ್ ಕಡಿ ಊರು. ಸಾಬಮ್ಮ, ತಂದಿ ಹಣಮಂತ.
ಜುಲೈದಾಗ ಹನ್ನೊಂದು ಕಿಲೋ,
ಆಗಸ್ಟಿನ್ಯಾಗ ಎಂಟೂವರಿ,
ಸೆಪ್ಟೆಂಬರ್ ಹನ್ನೊಂದೂಕಾಲು,
ಅಕ್ಟೋಬರ್ ಮತ್ತ ಎಂಟು.
ಒಂದು ತಿಂಗಳು ಉಬ್ಬಿ, ಒಂದು ತಿಂಗಳು ಸೊರಗಿ
ಕೂಸು ಗ್ರಾಫಿನ್ಯಾಗ ಉಸಿರಾಡ್ಲತ್ತಿತ್ತು.
ಸರಾಸರಿ ತಗದ್ರ ಚೊಲೋನೇ ಅದ. ಹಸಿರೇ.

ಟೀಚರ್ ಲಾಲಮ್ಮಗ ಫೋನ್ ಹಚ್ಚಿದೆ.
"ಎರಡು ಸಾಬಮ್ಮ ಅವರೀ ಮೇಡಂ.
ಅಣತಮ್ಮರ ಮನಿಗೋಳು. ಅಪ್ಪಗೋಳಿಗೆ ಮುತ್ಯಾನ ಹೆಸರು,
ಹುಡುಗೇರಿಗೆ ಆಯಿ ಹೆಸರು.
ಈ ಕಡಿ ಮನೀದು ದುಂಡಗದ, ಆ ಕಡಿ ಮನೀದು ಸೊರಗ್ಯದ.
ಸೊರಗಿದ್ದು ಇಲ್ಲೇ ನಿಂತದ ನೋಡ್ರಿ, ಮಾತಾಡ್ತೀರೇನು?"
ಫೋನಿನ್ಯಾಗ ಮೂಗು ಸೇದಿದ ಸಪ್ಪಳ.
ನಾ ಏನು ಮಾತಾಡ್ಲಿ?
"ಉಂಡ್ಯೇನು?" ಅಂದೆ.
ಅದು ಫೋನು ವಾಪಸ್ ಕೊಡ್ತು.

ಪಕ್ಕಾಕ್ಕ ಏರಿದ್ರ
ಸೊರಗಿದ ಸಾಬಮ್ಮನ ತತ್ತಿ, ಹಾಲು
ದುಂಡನ್ನ ಸಾಬಮ್ಮನ ಹಸಿರಿನ್ಯಾಗ ಮುಚ್ಚಿ ಹೋಗ್ತಿತ್ತು.
ಯಾರೂ ಕದ್ದಿರ್ತಿರ್ಲಿಲ್ಲ.

ಶುಕ್ರವಾರ ಏರಿಸಲಿಲ್ಲ.
ನಿಯಮ ಮುರದೆ. ಅನುಮಾನ ಇದ್ದದ್ದೆಲ್ಲ ಬ್ಯಾರೆ ಯಾದಿಗೆ ಹಾಕಿದೆ:
ಎರಡು ಸಾವಿರದ ನೂರಾ ಆರು.
ಒಂದೊಂದಕ್ಕ ಒಂದೊಂದು ಫೋನು.
ಪರದಿ ಮ್ಯಾಲ ಹ್ವಾದ ವರ್ಷದ್ದೇ ಗೋಲ ತೋರಿಸಿದ್ರಂತ,
ಯಾರಿಗೂ ಗೊತ್ತಾಗಲಿಲ್ಲಂತ.
ಸಾಹೇಬರು ಒಂದು ವಾರ ನನ್ನ ಮಾತಾಡಿಸಲಿಲ್ಲ.
ಈ ಬಿಸಲಾಗ ಅದೂ ಒಂದು ತಂಪೇ.

ಇವತ್ತು ಕಚ್ಚಾ ತೊಳೀಬೇಕು.
ಹೊಸದು ಹಾಕೋ ಮೊದಲು ಹಳೇದು ಅಳಿಸೋದು ಪದ್ಧತಿ.
ಅದ್ರಾಗ ಇನ್ನೂ ಅದಾಳ
ಆ ಮೂರನೇ ಸಾಬಮ್ಮ.
ಯಾರ ಹೊಟ್ಟ್ಯಾಗೂ ಹುಟ್ಟಲಾರದಾಕಿ, ನನ್ನ ನಿಯಮದ ಮಗಳು,
ಎರಡು ಮನಿ ಇದ್ದಾಕಿ,
ಒಂದೇ ದಿನ ಎರಡು ದಡಾರದ ಸೂಜಿ ತಗೊಂಡೂ
ಅಳಲಾರದಾಕಿ.

"ಒತ್ಲೇನ್ರೀ ಮೇಡಂ?" ಇಸಾಕ ಕೇಳ್ಲತ್ತಾನ.
ತಡಿ ಅಂದೆ.
ಅಕಿ ತೂಕ ಇನ್ನೊಮ್ಮೆ ನೋಡಿದೆ,
ಆಮ್ಯಾಲ ನಾನೇ ಒತ್ತಿದೆ.
ಕಾಲಿಗೆ ಬರೋ ಗಾಳಿ ತುಸು ನಿಂತು
ಮತ್ತ ಸುರುವಾತು.